ತಂತುಪಟನ್ಯಾಯವೂ ಸ್ಪಂದಿವಸ್ತ್ರವೂ

೧. ಪ್ರಸ್ತಾವನೆ

ತರ್ಕಶಾಸ್ತ್ರದಲ್ಲಿ ಕಾರಣವಿಭಾಗವನ್ನು ಹೇಳುವಾಗ ಪೂರ್ವಾಚಾರ್ಯರು ಬಟ್ಟೆಯನ್ನೇ ಉದಾಹರಣೆಯಾಗಿ ಹಿಡಿದಿರುವುದು ವಿದ್ವಾಂಸರಿಗೆ ವಿದಿತವಾದ ವಿಷಯವೇ ಆಗಿದೆ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಲಾರಂಭಿಸಿದ ಬಾಲಕನಿಗೂ ಈ ಪಾಠ ತಪ್ಪಿದ್ದಲ್ಲ. ಬಟ್ಟೆಗೆ ನೂಲಿನ ಎಳೆಗಳು ಸಮವಾಯಿಕಾರಣ; ಆ ಎಳೆಗಳ ಪರಸ್ಪರ ಸಂಯೋಗವು ಅಸಮವಾಯಿಕಾರಣ; ಲಾಳಿ, ಮಗ್ಗ ಮೊದಲಾದವು ನಿಮಿತ್ತಕಾರಣ. ಇದರೊಡನೆ ಮತ್ತೊಂದು ಮಾತನ್ನೂ ಅವರು ಹೇಳಿರುವರು. ಬಟ್ಟೆಯ ಬಣ್ಣಕ್ಕೆ ಎಳೆಯ ಬಣ್ಣವೇ ಅಸಮವಾಯಿಕಾರಣ. ಎಂದರೆ ಎಳೆಯಲ್ಲಿ ಯಾವ ಗುಣವಿರುವುದೋ ಅದಕ್ಕೆ ಅನುಸಾರವಾದ ಗುಣವೇ ಬಟ್ಟೆಯಲ್ಲಿ ಹುಟ್ಟುವುದು. ಕೆಂಪು ಎಳೆಯಿಂದ ನೆಯ್ದ ಬಟ್ಟೆ ಬಿಳುಪಾಗಲಾರದು.

ನೇಯ್ಗೆಯ ಮಾತುಗಳು ವಿದ್ಯೆಯ ಮಾತುಗಳಾಗಿ ಪರಿಣಮಿಸಿರುವುದು ಇದೊಂದೇ ಸ್ಥಳದಲ್ಲಲ್ಲ. ಸೂತ್ರವೆಂದರೆ ದಾರ. ತಂತ್ರವೆಂಬ ಶಬ್ದವು ಹರಡು, ವಿಸ್ತರಿಸು ಎಂಬರ್ಥದ ತನ್ ಧಾತುವಿನಿಂದ ಹುಟ್ಟಿ, ಮಗ್ಗದ ಹಾಸನ್ನು ಹೇಳುತ್ತಿದ್ದು, ಅನಂತರ ಶಾಸ್ತ್ರಕ್ಕೂ ಹೆಸರಾಯಿತು. ಇಂಗ್ಲಿಷಿನಲ್ಲಿ ಗ್ರಂಥಪಾಠವನ್ನು ಹೇಳುವ ಟೆಕ್ಸ್ಟ್ ಎಂಬ ಶಬ್ದವೂ ನೇಯು ಎಂಬರ್ಥದ ಲ್ಯಾಟಿನ್ ಧಾತುವಿನಿಂದಲೇ ಬಂದುದು. ನೇಕಾರನ ಮಗ್ಗದಿಂದ ಪಂಡಿತನ ಗ್ರಂಥಕ್ಕೆ ಇಷ್ಟೊಂದು ಮಾತುಗಳು ಸಾಲವಾಗಿ ಬಂದಿರುವಾಗ, ಆ ಮಗ್ಗದಲ್ಲಿ ಹೊಸದೊಂದು ವಸ್ತು ಹುಟ್ಟಿದರೆ ಅದರ ಸ್ವರೂಪವನ್ನು ವಿಚಾರಿಸುವುದು ಸಾಹಿತ್ಯಶಾಸ್ತ್ರಗಳನ್ನು ಬೋಧಿಸುವವರಿಗೆ ಹೊರಗಿನ ಕೆಲಸವೆನಿಸದು.

ಅಂತಹ ವಸ್ತುವೊಂದು ಕಳೆದ ಕೆಲವು ದಶಕಗಳಲ್ಲಿ ಬೆಳೆದುಬಂದಿದೆ. ಇಂಗ್ಲಿಷಿನಲ್ಲಿ ಅದನ್ನು ಸ್ಮಾರ್ಟ್ ಟೆಕ್ಸ್‌ಟೈಲ್ ಎನ್ನುವರು. ಶಾಖ, ಬೆಳಕು, ಒತ್ತಡ, ಎಳೆತ, ವಿದ್ಯುತ್ತು ಮೊದಲಾದವುಗಳಲ್ಲಿ ಉಂಟಾದ ವ್ಯತ್ಯಾಸವನ್ನು ಗ್ರಹಿಸಿ, ಅದಕ್ಕೆ ಪ್ರತಿಯಾಗಿ ತಾನೂ ಒಂದು ಗೊತ್ತಾದ ವ್ಯತ್ಯಾಸವನ್ನು ತೋರುವ ಬಟ್ಟೆ ಎಂದು ಅದರ ಲಕ್ಷಣವನ್ನು ಹೇಳಬಹುದು. ಈ ವಿದ್ಯೆಯವರು ಅದರಲ್ಲಿ ಮೂರು ತರಗತಿಗಳನ್ನು ಎಣಿಸುವರು: ಗ್ರಹಿಸುವುದು ಮಾತ್ರ, ಗ್ರಹಿಸಿ ಪ್ರತಿಕ್ರಿಯೆ ತೋರುವುದು, ಗ್ರಹಿಸಿ, ಪ್ರತಿಕ್ರಿಯೆ ತೋರಿ, ಸಂದರ್ಭಕ್ಕೆ ತಕ್ಕಂತೆ ಆ ಪ್ರತಿಕ್ರಿಯೆಯ ರೀತಿಯನ್ನೂ ಬದಲಿಸಿಕೊಳ್ಳುವುದು.

ಈ ವಿಭಾಗವು ಬಟ್ಟೆ ಏನು ಮಾಡುವುದೆಂಬುದನ್ನು ತಿಳಿಸುವುದೇ ಹೊರತು, ಆ ಸಾಮರ್ಥ್ಯವು ಎಲ್ಲಿ ನೆಲೆಸಿದೆ ಎಂಬುದನ್ನು ತಿಳಿಸದು. ಸಾಮರ್ಥ್ಯವು ಎಳೆಯಲ್ಲಿದೆಯೋ, ಎಳೆಗಳ ಸಂಯೋಗದಲ್ಲಿದೆಯೋ, ಇಲ್ಲವೇ ಬಟ್ಟೆಗೆ ಹೊರಗಾದ ನಿಮಿತ್ತದಲ್ಲಿದೆಯೋ? ಇದು ಕೇವಲ ಶಾಸ್ತ್ರವಿನೋದದ ಪ್ರಶ್ನೆಯಲ್ಲ. ಬಟ್ಟೆಯ ಬಾಳಿಕೆ, ಕೊಂಡವನಿಗೆ ಅದರ ಮೇಲಿರುವ ಸ್ವಾಮ್ಯ, ತೊಟ್ಟವನ ಮೈಯ ವಾರ್ತೆ ಯಾರ ಕೈಸೇರುವುದೆಂಬುದು, ಇವೆಲ್ಲವೂ ಇದರ ಉತ್ತರವನ್ನೇ ಅವಲಂಬಿಸಿವೆ. ಹಳೆಯ ಕಾರಣತ್ರಯವನ್ನೇ ಒರೆಗಲ್ಲಾಗಿ ಹಿಡಿದು ಈ ಹೊಸ ಬಟ್ಟೆಗಳನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ.

೨. ಎಳೆಯಲ್ಲಿಯೇ ಇರುವ ಗುಣ

ಮೊದಲು, ಸಾಮರ್ಥ್ಯವು ಎಳೆಯಲ್ಲಿಯೇ ಸೇರಿಕೊಂಡಿರುವ ಬಟ್ಟೆಗಳನ್ನು ನೋಡಬೇಕು. ಮಂಜುಗಡ್ಡೆ ಕರಗುವಾಗ ಎಷ್ಟು ಶಾಖ ಕೊಟ್ಟರೂ, ಅದೆಲ್ಲ ಕರಗಿ ಮುಗಿಯುವವರೆಗೆ ಅದರ ಉಷ್ಣತೆ ಏರುವುದಿಲ್ಲ. ಶಾಖವೆಲ್ಲ ಕರಗುವ ಕೆಲಸದಲ್ಲಿಯೇ ಅಡಗಿಹೋಗುವುದು. ಗ್ಲಾಸ್ಗೋ ನಗರದ ಜೋಸೆಫ್ ಬ್ಲ್ಯಾಕ್ ಎಂಬ ಪಂಡಿತನು ೧೭೬೦ರ ದಶಕದಲ್ಲಿ ಇದನ್ನು ವಿವರಿಸಿದನು. ಇದಕ್ಕೆ ಗುಪ್ತೋಷ್ಣವೆಂದು ಹೆಸರು. ಕರಗಿದ ವಸ್ತು ಮತ್ತೆ ಗಟ್ಟಿಯಾಗುವಾಗ ಅಡಗಿದ್ದ ಶಾಖವು ಹೊರಬರುವುದು. ಅಮೆರಿಕದ ಅಂತರಿಕ್ಷಸಂಸ್ಥೆಯಾದ ನಾಸಾದ ಆಶ್ರಯದಲ್ಲಿ ೧೯೮೦ರ ದಶಕದಲ್ಲಿ ನಡೆದ ಸಂಶೋಧನೆಗಳು ಈ ಧರ್ಮವನ್ನು ಬಟ್ಟೆಗೆ ತಂದವು. ಮೇಣದ ಜಾತಿಯ ಪದಾರ್ಥವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಲ್ಲಿ ತುಂಬಿ, ಆ ಕೋಶಗಳನ್ನು ಎಳೆಯೊಳಗೆ ಸೇರಿಸುವರು. ಇಲ್ಲವೇ ಬಟ್ಟೆಗೆ ಲೇಪಿಸುವರು. ಮೈ ಬಿಸಿಯಾದಾಗ ಮೇಣ ಕರಗಿ ಶಾಖವನ್ನು ನುಂಗುವುದು. ಮೈ ತಣ್ಣಗಾದಾಗ ಗಟ್ಟಿಯಾಗಿ ಅದೇ ಶಾಖವನ್ನು ಹಿಂದಿರುಗಿಸುವುದು. ಕೋಶವು ಒಡೆಯದಿರುವ ಕಾರಣ ಕರಗಿದ ಮೇಣವು ಬಟ್ಟೆಯಿಂದ ಸೋರಿಹೋಗದು.

ಇದರ ಶಕ್ತಿಯನ್ನು ಲೆಕ್ಕದಿಂದ ತಿಳಿಯಬಹುದು. ಈ ಕೆಲಸಕ್ಕೆ ಒದಗುವ ಆಕ್ಟಡೆಕೇನ್ ಎಂಬ ಮೇಣವು ಸುಮಾರು ೨೮ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುವುದು. ಒಂದು ಗ್ರಾಂ ಕರಗಲು ಸುಮಾರು ೨೪೦ ಜೂಲ್ ಶಾಖ ಬೇಕು. ಒಂದು ಅಂಗಿಯಲ್ಲಿ ೩೦ ಗ್ರಾಂ ಮೇಣವಿದೆ ಎಂದು ಎಣಿಸಿದರೆ ಅದು ಒಟ್ಟು ೭,೨೦೦ ಜೂಲ್ ಶಾಖವನ್ನು ನುಂಗೀತು. ಸುಮ್ಮನೆ ಕುಳಿತ ಮನುಷ್ಯನ ಮೈಯಿಂದ ಸೆಕೆಂಡಿಗೆ ಸುಮಾರು ೧೦೦ ಜೂಲ್ ಶಾಖ ಹೊರಡುವುದು. ಆ ಶಾಖವೆಲ್ಲವೂ ಮೇಣಕ್ಕೇ ಸೇರಿದರೂ ಅದು ಒಂದು ನಿಮಿಷಕ್ಕಿಂತ ತುಸು ಹೆಚ್ಚು ಕಾಲದಲ್ಲಿ ತೃಪ್ತವಾಗಿಬಿಡುವುದು. ಆದುದರಿಂದ ಇಂತಹ ಬಟ್ಟೆ ದಿನವೆಲ್ಲ ತಂಪೆರೆಯುವುದೆಂದು ಹೇಳಿದರೆ ಅದು ಅತಿಶಯೋಕ್ತಿ. ಬಿಸಿಯಿಂದ ಚಳಿಗೂ ಚಳಿಯಿಂದ ಬಿಸಿಗೂ ಹೋಗಿಬರುವ ವೇಳೆಯಲ್ಲಿ ಮೈಗೆ ತಟ್ಟುವ ಏರಿಳಿತವನ್ನು ಮಿದುವಾಗಿಸುವುದು ಅದರ ನಿಜವಾದ ಉಪಕಾರ. ಕೈಗವಸು, ಕಾಲುಚೀಲ, ಹಾಸಿಗೆಹೊದಿಕೆಗಳಲ್ಲಿ ಅದು ಸಾರ್ಥಕವಾಗಿರುವುದು ಈ ಕಾರಣದಿಂದಲೇ.

ಎರಡನೆಯ ಉದಾಹರಣೆ ಬಣ್ಣ ಬದಲಿಸುವ ಬಟ್ಟೆ. ಅಮೆರಿಕದ ಸಿಯಾಟಲ್ ನಗರದ ಜೆನೆರಾ ಎಂಬ ಸಂಸ್ಥೆ ೧೯೯೧ರಲ್ಲಿ ಹೈಪರ್‌ಕಲರ್ ಎಂಬ ಹೆಸರಿನಿಂದ ಇಂತಹ ಅಂಗಿಗಳನ್ನು ಮಾರಿತು. ಕೈಯಿಟ್ಟ ಕಡೆಯಲ್ಲಿ ಅಂಗಿಯ ಬಣ್ಣ ಮಾಸಿ ಬೇರೊಂದು ಬಣ್ಣ ತೋರುತ್ತಿತ್ತು. ತಣಿದ ಮೇಲೆ ಮೊದಲಿನ ಬಣ್ಣವೇ ಮರಳುತ್ತಿತ್ತು. ಇಲ್ಲಿಯೂ ಸೂಕ್ಷ್ಮಕೋಶಗಳೇ ಆಧಾರ. ಕೋಶದೊಳಗೆ ಒಂದು ವರ್ಣದ್ರವ್ಯ, ಅದಕ್ಕೆ ಬಣ್ಣ ಬರಿಸುವ ಒಂದು ಆಮ್ಲದ್ರವ್ಯ, ಶಾಖಕ್ಕೆ ಕರಗುವ ಒಂದು ಮಾಧ್ಯಮ ಎಂದು ಮೂರು ಪದಾರ್ಥಗಳಿರುವುವು. ಮಾಧ್ಯಮವು ಗಟ್ಟಿಯಾಗಿರುವಾಗ ಮೊದಲೆರಡು ಕೂಡಿಕೊಂಡು ಬಣ್ಣ ತೋರುವುದು. ಅದು ಕರಗಿದಾಗ ಅವು ಅಗಲಿ ಬಣ್ಣ ಅಳಿಯುವುದು. ವೈಶೇಷಿಕರು ಪಾಕಜವೆಂದು ಕರೆಯುವ ಗುಣಕ್ಕೂ ಇದಕ್ಕೂ ಇರುವ ಭೇದ ಗಮನಾರ್ಹವಾದುದು. ಹಸಿಯ ಮಡಕೆ ಆವಿಗೆಯಲ್ಲಿ ಬೆಂದು ಕೆಂಪಾದರೆ ಮರಳಿ ಕಪ್ಪಾಗದು. ಈ ಬಟ್ಟೆಯ ಬಣ್ಣವಾದರೋ ಹೋಗಿ ಬರುವುದು. ಆದರೆ ಕುದಿನೀರಿನಲ್ಲಿ ಒಗೆದರೆ ಕೋಶಗಳು ಕೆಟ್ಟು ಈ ಗುಣವು ಶಾಶ್ವತವಾಗಿ ನಷ್ಟವಾಗುತ್ತಿತ್ತು.

ಈ ಎರಡು ಉದಾಹರಣೆಗಳಲ್ಲಿಯೂ ಬ್ಯಾಟರಿಯಿಲ್ಲ, ತಂತಿಯಿಲ್ಲ, ಯಂತ್ರವಿಲ್ಲ. ಎಳೆಯ ಅಥವಾ ಲೇಪದ ಗುಣವೇ ಬಟ್ಟೆಯ ಗುಣವಾಗಿ ತೋರುತ್ತಿದೆ. ತಯಾರಿಸಿದ ಸಂಸ್ಥೆ ನಾಳೆ ಮುಚ್ಚಿಹೋದರೂ, ಎಳೆಯಲ್ಲಿ ಆ ದ್ರವ್ಯವಿರುವವರೆಗೆ ಗುಣವೂ ಇರುವುದು. ತರ್ಕಸಂಗ್ರಹದ ಬಾಲಪಾಠವು ಇಲ್ಲಿ ಅಕ್ಷರಶಃ ಸಲ್ಲುವುದು.

೩. ಜರಿಯ ಎಳೆ

ಇನ್ನು ವಿದ್ಯುತ್ತನ್ನು ಒಯ್ಯುವ ಎಳೆಯ ವಿಚಾರ. ಇದಕ್ಕೆ ಪೂರ್ವಜನಾಗಿರುವುದು ಕನ್ನಡನಾಡಿನ ಮನೆಮನೆಯ ಪೆಟ್ಟಿಗೆಯಲ್ಲಿರುವ ಜರಿಯೇ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಬೆಳ್ಳಿಯ ಕಂಬಿಯನ್ನು ಅಕ್ಕಸಾಲೆಯ ಕಂಬಚ್ಚಿನಲ್ಲಿರುವಂತಹ ರಂಧ್ರಗಳಲ್ಲಿ ಒಂದಾದ ಮೇಲೊಂದರಂತೆ ಎಳೆದು, ಕೂದಲಿನಷ್ಟು ತೆಳುವಾಗಿಸಿ, ಚಪ್ಪಟೆಯಾಗಿ ತಟ್ಟಿ, ರೇಷ್ಮೆಯ ಎಳೆಯ ಸುತ್ತ ಒತ್ತಾಗಿ ಸುತ್ತಿ, ಮೇಲೆ ಚಿನ್ನದ ನೀರು ಕೊಟ್ಟರೆ ಅದು ಅಪ್ಪಟ ಜರಿ. ಗುಜರಾತಿನ ಸೂರತ್ತು ಈ ಕೆಲಸಕ್ಕೆ ಪ್ರಸಿದ್ಧವಾದ ಊರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೧೨ರಲ್ಲಿ, ಮೈಸೂರಿನಲ್ಲಿ ಆರಂಭವಾದ ರೇಷ್ಮೆ ನೇಯ್ಗೆಯ ಕಾರ್ಖಾನೆಯ ಸೀರೆಗಳು ಇಂದಿಗೂ ಇಂತಹ ಜರಿಯ ಅಂಚುಸೆರಗುಗಳಿಂದಲೇ ಹೆಸರುವಾಸಿಯಾಗಿವೆ. ಜರಿಯಲ್ಲಿ ೬೫ ಪಾಲು ಬೆಳ್ಳಿ, ೦.೬೫ ಪಾಲು ಚಿನ್ನ, ಉಳಿದುದು ಮುಖ್ಯವಾಗಿ ರೇಷ್ಮೆ ಎಂಬುದು ಅಲ್ಲಿಯ ಪ್ರಮಾಣ. ಲೋಹಗಳೆಲ್ಲದರಲ್ಲಿ ವಿದ್ಯುತ್ತಿಗೆ ಅತ್ಯಂತ ಸುಗಮವಾದ ದಾರಿ ಬೆಳ್ಳಿಯೇ. ಹೊಳಪಿಗಾಗಿ ಸುತ್ತಿದ ಲೋಹವು ಅರಿಯದೆಯೇ ಒಂದು ವಿದ್ಯುದ್ವಾಹಿನಿಯನ್ನು ನಿರ್ಮಿಸಿತ್ತು.

ಈ ಅಡಗಿದ ಗುಣವನ್ನು ಗುರುತಿಸಿ ಬಳಸಿದವರು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾಸಂಸ್ಥೆಯ ಮೀಡಿಯಾ ಲ್ಯಾಬ್ ಎಂಬ ವಿಭಾಗದವರು. ರೆಹ್ಮಿ ಪೋಸ್ಟ್, ಮ್ಯಾಗಿ ಆರ್ಥ್, ಪೀಟರ್ ರೂಸೊ, ನೀಲ್ ಗರ್ಶೆನ್‌ಫೆಲ್ಡ್ ಎಂಬ ನಾಲ್ವರು ೨೦೦೦ದಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತಾವು ಬಳಸಿದ ಬಟ್ಟೆಯನ್ನು ವರ್ಣಿಸಿರುವರು. ಅದು ಹಾಸಿನಲ್ಲಿ ಬರಿಯ ರೇಷ್ಮೆಯೂ ಹೊಕ್ಕಿನಲ್ಲಿ ತಾಮ್ರದ ತಗಡು ಸುತ್ತಿದ ರೇಷ್ಮೆಯೂ ಉಳ್ಳ ತೆಳುವಾದ ಆರ್ಗಂಜಾ ಬಟ್ಟೆ. ಇಂತಹ ಬಟ್ಟೆಯನ್ನು ಬೆಳ್ಳಿ ಬಂಗಾರಗಳಿಂದ ಅಲಂಕಾರಕ್ಕಾಗಿ ಭಾರತದಲ್ಲಿ ನೂರು ವರ್ಷಗಳಿಗೂ ಮೇಲ್ಪಟ್ಟು ನೆಯ್ಯುತ್ತಿರುವರೆಂದು ಆ ಪ್ರಬಂಧದಲ್ಲಿಯೇ ಅವರು ಒಪ್ಪಿಕೊಂಡಿರುವರು. ಹೊಸ ವಿದ್ಯೆಯ ಮೊದಲ ಪುಟಗಳಲ್ಲಿಯೇ ಹಳೆಯ ಮಗ್ಗದ ಋಣವು ಹೀಗೆ ದಾಖಲಾಗಿದೆ.

ಆ ಬಟ್ಟೆ ಅವರಿಗೆ ಒದಗಿದುದು ಏತಕ್ಕೆಂಬುದನ್ನು ವಿಚಾರಿಸಬೇಕು. ಒಳಗಿನ ರೇಷ್ಮೆ ಎಳೆತಕ್ಕೂ ಶಾಖಕ್ಕೂ ತಡೆಯುವುದು. ಆದುದರಿಂದ ಅಂತಹ ಎಳೆಯನ್ನು ಹೊಲಿಗೆಯ ಯಂತ್ರಕ್ಕೂ ಕಸೂತಿಯ ಯಂತ್ರಕ್ಕೂ ಹಾಕಬಹುದು. ಹೊರಗಿನ ಲೋಹ ವಿದ್ಯುತ್ತನ್ನು ಒಯ್ಯುವುದು. ಹಾಸಿನ ಎಳೆಗಳು ಬರಿಯ ರೇಷ್ಮೆಯಾದುದರಿಂದ ಹೊಕ್ಕಿನ ಲೋಹದ ಎಳೆಗಳು ಒಂದನ್ನೊಂದು ಮುಟ್ಟದೆ ಬೇರೆಬೇರೆಯಾಗಿಯೇ ನಿಲ್ಲುವುವು. ಹೀಗೆ ಬಟ್ಟೆಯ ಒಂದು ಪಟ್ಟಿಯೇ ಹಲವು ತಂತಿಗಳ ಕಟ್ಟಿನಂತೆ ಕೆಲಸಮಾಡುವುದು. ಬೆಳ್ಳಿಯ ಲೇಪವುಳ್ಳ ನೈಲಾನ್, ಕೂದಲಿಗಿಂತ ಸಣ್ಣದಾದ ಉಕ್ಕಿನ ನಾರು ಮೊದಲಾದ ಬೇರೆ ಎಳೆಗಳೂ ಬಳಕೆಗೆ ಬಂದವು. ಎಲ್ಲಕ್ಕೂ ತತ್ತ್ವ ಒಂದೇ: ಬಾಗುವ ಎಳೆಯ ಮೈಗೆ ಲೋಹದ ಹೊದಿಕೆ, ಇಲ್ಲವೇ ಲೋಹವನ್ನೇ ಬಾಗುವಷ್ಟು ಸಣ್ಣ ಎಳೆಯಾಗಿಸುವುದು.

೪. ಸಂಯೋಗದಿಂದ ಹುಟ್ಟುವ ಗ್ರಹಣಶಕ್ತಿ

ವಿದ್ಯುತ್ತನ್ನು ಒಯ್ಯುವ ಎಳೆ ತಾನೊಂದೇ ಏನನ್ನೂ ಗ್ರಹಿಸಲಾರದು. ಗ್ರಹಣಶಕ್ತಿ ಬರುವುದು ಸಂಯೋಗದಿಂದ. ಮೇಲೆ ಹೇಳಿದ ನಾಲ್ವರು ಲೋಹದ ಆರ್ಗಂಜಾದ ಎರಡು ಪದರಗಳನ್ನು, ಒಂದರ ಲೋಹದೆಳೆಗಳು ಉದ್ದಕ್ಕೂ ಮತ್ತೊಂದರವು ಅಡ್ಡಕ್ಕೂ ಬರುವಂತೆ ಇರಿಸಿ, ನಡುವೆ ನೈಲಾನಿನ ಬಲೆಯೊಂದನ್ನು ಹಾಸಿದರು. ಮೀಟರಿಗೆ ಸುಮಾರು ೧೦ ಓಮ್ ಮಾತ್ರ ರೋಧವುಳ್ಳ ಬಟ್ಟೆಯದು. ಬೆರಳಿನಿಂದ ಒತ್ತಿದ ಕಡೆಯಲ್ಲಿ ಬಲೆಯ ಕಣ್ಣುಗಳ ಮೂಲಕ ಮೇಲಿನ ಎಳೆ ಕೆಳಗಿನ ಎಳೆಯನ್ನು ಮುಟ್ಟುವುದು. ಯಾವ ಸಾಲಿನ ಎಳೆ ಯಾವ ಕಂಬಸಾಲಿನ ಎಳೆಗೆ ಸೋಂಕಿತೆಂಬುದರಿಂದ ಒತ್ತಿದ ಸ್ಥಳ ಗೊತ್ತಾಗುವುದು. ಬಟ್ಟೆಯಿಂದಲೇ ಮಾಡಿದ ಕೀಲಿಮಣೆ ಹೀಗೆ ಸಿದ್ಧವಾಯಿತು. ಅಲ್ಲಿ ಹೊಸ ದ್ರವ್ಯವಾವುದೂ ಹುಟ್ಟಲಿಲ್ಲ. ಇದ್ದ ಎಳೆಗಳಿಗೆ ಸಂಯೋಗವಿಭಾಗಗಳು ಉಂಟಾದುವು, ಅಷ್ಟೆ.

ಹೆಣಿಗೆಯ ಬಟ್ಟೆಯಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುವುದು. ಹೆಣಿಗೆಯೆಂದರೆ ಒಂದೇ ಎಳೆ ಕುಣಿಕೆಕುಣಿಕೆಯಾಗಿ ತನ್ನನ್ನು ತಾನೇ ಹಿಡಿದುಕೊಂಡು ಸಾಗುವುದು. ವಿದ್ಯುತ್ತನ್ನು ಒಯ್ಯುವ ಎಳೆಯಿಂದ ಹೆಣೆದ ಪಟ್ಟಿಯೊಂದನ್ನು ಎಳೆದರೆ ಕುಣಿಕೆಗಳು ಒಂದನ್ನೊಂದು ಮುಟ್ಟುವ ರೀತಿಯೂ ಒತ್ತಡವೂ ಬದಲಾಗುವುವು. ಅದರೊಡನೆ ಪಟ್ಟಿಯ ರೋಧವೂ ಬದಲಾಗುವುದು. ಈ ಪಟ್ಟಿಯನ್ನು ಎದೆಗೆ ಕಟ್ಟಿಕೊಂಡರೆ ಉಸಿರೆಳೆದಾಗ ಹಿಗ್ಗಿ, ಉಸಿರುಬಿಟ್ಟಾಗ ಕುಗ್ಗಿ, ರೋಧದ ಏರಿಳಿತವಾಗಿ ಉಸಿರಿನ ಲೆಕ್ಕವನ್ನು ಕೊಡುವುದು. ಅದೇ ಎಳೆಯನ್ನು ನೆಟ್ಟಗೆ ಹಿಡಿದರೆ ಇಂತಹ ಗುಣ ಹೆಚ್ಚಾಗಿ ತೋರದು; ಗುಣವು ಕುಣಿಕೆಗಳ ಸೋಂಕಿನಲ್ಲಿದೆ. ಎಳೆಗಳ ಸಂಯೋಗವನ್ನು ಪ್ರತ್ಯೇಕವಾದ ಕಾರಣವೆಂದು ಎಣಿಸಿದ ತಾರ್ಕಿಕರ ಸೂಕ್ಷ್ಮದೃಷ್ಟಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಸಂಯೋಗದ ನಾಶದಿಂದಲೂ ಜ್ಞಾನವುಂಟಾಗಬಹುದು. ಅಮೆರಿಕದ ಜಾರ್ಜಿಯಾ ತಂತ್ರವಿದ್ಯಾಸಂಸ್ಥೆಯಲ್ಲಿ, ಮದರಾಸು ವಿಶ್ವವಿದ್ಯಾನಿಲಯದಲ್ಲಿ ಓದಿಹೋದ ಸುಂದರೇಶನ್ ಜಯರಾಮನ್ ಅವರ ನೇತೃತ್ವದಲ್ಲಿ, ೧೯೯೬ರಿಂದ ಅಲ್ಲಿಯ ನೌಕಾಪಡೆಯ ನೆರವಿನಿಂದ ಒಂದು ಅಂಗಿ ಸಿದ್ಧವಾಯಿತು. ಬೆಳಕನ್ನು ಒಯ್ಯುವ ನಾರನ್ನು ಅಂಗಿಯ ನೇಯ್ಗೆಯಲ್ಲಿಯೇ ಮೈಸುತ್ತ ಸುರುಳಿಯಾಗಿ ಸೇರಿಸಲಾಗಿತ್ತು. ಯೋಧನಿಗೆ ಗುಂಡು ತಗುಲಿದರೆ ಆ ನಾರು ಕಡಿಯುವುದು. ಬೆಳಕು ಮುಂದೆ ಸಾಗದೆ ನಿಲ್ಲುವುದು. ಗಾಯವೆಲ್ಲಿ ಆಯಿತೆಂಬುದು ದೂರದ ವೈದ್ಯನಿಗೆ ತಿಳಿಯುವುದು. ಹೃದಯದ ಬಡಿತ, ಉಸಿರಾಟ ಮೊದಲಾದವನ್ನು ತಿಳಿಸುವ ಉಪಕರಣಗಳನ್ನೂ ಆ ಅಂಗಿಗೆ ಸಿಕ್ಕಿಸಬಹುದಾಗಿತ್ತು. ಯುದ್ಧಕ್ಕೆಂದು ಹುಟ್ಟಿದ ಈ ವಿಚಾರವು ಬಳಿಕ ರೋಗಿಗಳ ಕಡೆಗೂ ಶಿಶುಗಳ ಕಡೆಗೂ ತಿರುಗಿತು.

ಹೃದಯದ ವಿದ್ಯುತ್ತನ್ನು ಅಳೆಯುವ ವಿದ್ಯೆಗೂ ಬೆಳ್ಳಿಯ ಎಳೆಗೂ ಹಳೆಯ ನಂಟಿದೆ. ಹಾಲೆಂಡಿನ ಲೈಡನ್ ನಗರದಲ್ಲಿ ವಿಲ್ಲೆಮ್ ಐಂತೋವೆನ್ ಎಂಬ ವಿದ್ವಾಂಸನು ೨೦ನೆಯ ಶತಮಾನದ ಆರಂಭದಲ್ಲಿ ನಿರ್ಮಿಸಿದ ಯಂತ್ರದ ಜೀವಾಳವು ಬೆಳ್ಳಿ ಲೇಪಿಸಿದ ಸ್ಫಟಿಕಶಿಲೆಯ ಅತಿಸೂಕ್ಷ್ಮವಾದ ಒಂದು ಎಳೆಯಾಗಿತ್ತು. ರೋಗಿ ಎರಡು ಕೈಗಳನ್ನೂ ಒಂದು ಕಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕುಳಿತರೆ, ಹೃದಯದಿಂದ ಬಂದ ವಿದ್ಯುತ್ತಿಗೆ ಆ ಎಳೆ ಅಲುಗುತ್ತಿತ್ತು. ಈ ಸಾಧನೆಗಾಗಿ ಅವನಿಗೆ ೧೯೨೪ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇಂದು ಬೆಳ್ಳಿಯೆಳೆಯಿಂದ ಹೆಣೆದ ತುಂಡನ್ನು ಅಂಗಿಯ ಒಳಮೈಯಲ್ಲಿ ಎದೆಗೆ ತಾಗುವಂತೆ ಇರಿಸಿ ಅದೇ ವಿದ್ಯುತ್ತನ್ನು ಗ್ರಹಿಸುವರು. ಆದರೆ ಇಲ್ಲಿ ಬಟ್ಟೆಗೂ ಚರ್ಮಕ್ಕೂ ಆಗುವ ಸಂಯೋಗ ಬಲವಾಗಿರಬೇಕು. ಅಂಗಿ ಸಡಿಲವಾದರೆ, ಚರ್ಮ ಒಣಗಿದ್ದರೆ, ತೊಟ್ಟವನು ಓಡಾಡಿದರೆ, ಹೃದಯದ ರೇಖೆಯಲ್ಲಿ ಬಟ್ಟೆಯ ಅಲುಗಾಟವೂ ಬೆರೆತುಹೋಗುವುದು. ಇಂತಹ ಅಂಗಿಗಳು ಮೈಗಂಟಿದಂತೆ ಬಿಗಿಯಾಗಿರುವುದು ಅಂದಕ್ಕಾಗಿ ಅಲ್ಲ.

೫. ನಿಮಿತ್ತಕಾರಣ ಮತ್ತು ಅಪೇಕ್ಷಾಬುದ್ಧಿ

ಇನ್ನು ಮೂರನೆಯದಾದ ನಿಮಿತ್ತಕಾರಣದ ವಿಚಾರ. ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮರೀ ಜಕಾರ್ಡ್ ೧೮೦೪ರ ಸುಮಾರಿನಲ್ಲಿ ತನ್ನ ಹೆಸರಿನ ಮಗ್ಗವನ್ನು ಸಿದ್ಧಗೊಳಿಸಿದನು. ತೂತು ಕೊರೆದ ರಟ್ಟುಗಳ ಮಾಲೆಯು ಯಾವ ಸಾಲಿನಲ್ಲಿ ಹಾಸಿನ ಯಾವ ಎಳೆ ಮೇಲೇಳಬೇಕೆಂಬುದನ್ನು ಗೊತ್ತುಮಾಡುವುದು. ಕರ್ನಾಟಕದ ರೇಷ್ಮೆಮಗ್ಗಗಳಲ್ಲಿ ಅಂಚುಸೆರಗುಗಳ ಹೂಬಳ್ಳಿ ಮೂಡುವುದೂ ಈ ಜಕಾರ್ಡಿನಿಂದಲೇ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು ೧೮೩೦ರ ದಶಕದಲ್ಲಿ ತಾನು ಕಲ್ಪಿಸಿದ ಗಣಕಯಂತ್ರಕ್ಕೆ ಇಂತಹ ರಟ್ಟುಗಳನ್ನೇ ಆಯ್ದುಕೊಂಡನು. ಹೀಗೆ ಮಗ್ಗದಿಂದ ಗಣಕಕ್ಕೆ ಹೋದ ವಿದ್ಯೆ ಗಣಕದಿಂದ ಮಗ್ಗಕ್ಕೆ ಮರಳಿತು. ೨೦೧೫ರಲ್ಲಿ ಗೂಗಲ್ ಸಂಸ್ಥೆಯವರು ಜಕಾರ್ಡ್ ಎಂಬ ಹೆಸರಿನಿಂದಲೇ ಒಂದು ಯೋಜನೆಯನ್ನು ಪ್ರಕಟಿಸಿದರು. ಲೋಹದ ಎಳೆಯನ್ನು ಹತ್ತಿ, ರೇಷ್ಮೆ ಮೊದಲಾದ ನೂಲಿನೊಡನೆ ಹೆಣೆದು, ಸಾಮಾನ್ಯವಾದ ಮಗ್ಗದಲ್ಲಿಯೇ ನೆಯ್ಯಬಹುದಾದ ಎಳೆಯನ್ನಾಗಿ ಮಾಡುವುದು ಅದರ ವಿಶೇಷ.

೨೦೧೭ರಲ್ಲಿ ಲೀವೈಸ್ ಸಂಸ್ಥೆಯೊಡನೆ ಸೇರಿ ೩೫೦ ಡಾಲರು ಬೆಲೆಯ ಒಂದು ಮೇಲಂಗಿಯನ್ನು ಅವರು ಮಾರಾಟಕ್ಕೆ ತಂದರು. ಎಡಗೈಯ ಪಟ್ಟಿಯಲ್ಲಿ ವಿದ್ಯುತ್ತಿನ ಎಳೆಗಳನ್ನು ನೆಯ್ದಿತ್ತು. ಅದನ್ನು ಬೆರಳಿನಿಂದ ತಟ್ಟಿದರೆ ಅಥವಾ ಸವರಿದರೆ, ತೊಟ್ಟವನ ಮೊಬೈಲಿನಲ್ಲಿ ಹಾಡು ಬದಲಾಗುವುದು, ಕರೆಗೆ ಉತ್ತರ ಹೋಗುವುದು, ದಾರಿಯ ಸೂಚನೆ ಕೇಳಿಸುವುದು. ಇಷ್ಟಕ್ಕೂ ಪಟ್ಟಿಗೆ ಸಿಕ್ಕಿಸಿದ, ಒಗೆಯುವಾಗ ಕಳಚಿಡಬೇಕಾದ ಒಂದು ಸಣ್ಣ ಉಪಕರಣವೂ, ಮೊಬೈಲಿನಲ್ಲಿ ಆ ಸಂಸ್ಥೆಯದೇ ಆದ ಒಂದು ಆಪ್ ಎಂಬ ಕಾರ್ಯಕ್ರಮವೂ ಬೇಕಾಗಿದ್ದವು. ೨೦೨೩ರ ಏಪ್ರಿಲಿನಲ್ಲಿ ಗೂಗಲಿನವರು ಆ ಆಪನ್ನು ನಿಲ್ಲಿಸಿಬಿಟ್ಟರು. ಅಂಗಿಯ ಎಳೆ ಕಡಿಯಲಿಲ್ಲ, ನೇಯ್ಗೆ ಸಡಿಲವಾಗಲಿಲ್ಲ, ಬಣ್ಣ ಮಾಸಲಿಲ್ಲ. ಆದರೂ ಕೊಂಡವನಿಗೆ ಆ ದಿನ ಉಳಿದುದು ಒಂದು ಸಾಮಾನ್ಯವಾದ ಅಂಗಿ ಮಾತ್ರ.

ತಾರ್ಕಿಕರ ಸಾಮಾನ್ಯನಿಯಮದಂತೆ ನೋಡಿದರೆ ಇದು ವಿಚಿತ್ರವಾಗಿ ಕಾಣುವುದು. ಮಗ್ಗ ಮುರಿದರೆ ಬಟ್ಟೆ ಹರಿಯದು. ಕುಂಬಾರನು ಸತ್ತರೆ ಮಡಕೆ ಒಡೆಯದು. ಕಾರ್ಯವು ಒಮ್ಮೆ ಹುಟ್ಟಿದ ಮೇಲೆ ನಿಮಿತ್ತವು ನಾಶವಾದರೂ ಅದಕ್ಕೆ ಹಾನಿಯಿಲ್ಲ. ಆದರೆ ಶಾಸ್ತ್ರದಲ್ಲಿಯೇ ಈ ನಿಯಮಕ್ಕೆ ಒಂದು ಪ್ರಸಿದ್ಧವಾದ ಅಪವಾದವುಂಟು. ಅದು ದ್ವಿತ್ವದ ಪ್ರಕರಣ. ಎರಡು ಮಡಕೆಗಳಲ್ಲಿರುವ ಎರಡೆಂಬ ಸಂಖ್ಯೆ, ಇದೊಂದು ಅದೊಂದು ಎಂದು ಎಣಿಸುವವನ ಬುದ್ಧಿಯಿಂದ ಹುಟ್ಟುವುದು. ಇದನ್ನು ಅಪೇಕ್ಷಾಬುದ್ಧಿ ಎನ್ನುವರು. ಇದು ನಿಮಿತ್ತಕಾರಣವೇ ಆದರೂ, ಇದು ನಾಶವಾದೊಡನೆ ದ್ವಿತ್ವವೂ ನಾಶವಾಗುವುದೆಂದು ವೈಶೇಷಿಕರು ಒಪ್ಪಿರುವರು. ಮಡಕೆಗಳು ಇದ್ದಂತೆಯೇ ಇರುವುವು. ಎಣಿಸುವ ಬುದ್ಧಿ ಹೋದರೆ ಎರಡೆಂಬುದು ಮಾತ್ರ ಇಲ್ಲವಾಗುವುದು.

ಆ ಮೇಲಂಗಿಯ ಜಾಣತನವು ದ್ವಿತ್ವದ ಜಾತಿಗೆ ಸೇರಿದುದು. ಎಳೆ ಗ್ರಹಿಸಿದುದು ಸ್ಪರ್ಶವನ್ನು ಮಾತ್ರ. ಆ ಸ್ಪರ್ಶವನ್ನು ಹಾಡಿನ ಆಜ್ಞೆಯೆಂದು ಎಣಿಸಿದ ಬುದ್ಧಿ ದೂರದಲ್ಲಿತ್ತು. ಆ ಬುದ್ಧಿ ಹಿಂತೆಗೆಯಲ್ಪಟ್ಟೊಡನೆ ಬಟ್ಟೆಯ ಗುಣವೆಂದು ತೋರುತ್ತಿದ್ದುದೂ ಅಳಿಯಿತು. ಕಾರಣತ್ರಯದ ಪರೀಕ್ಷೆಯಿಂದ ಸಿದ್ಧವಾಗುವ ಮುಖ್ಯಭೇದವು ಇದೇ: ಗುಣವು ಎಳೆಯಲ್ಲಿಯೋ ಎಳೆಗಳ ಸಂಯೋಗದಲ್ಲಿಯೋ ಇದ್ದರೆ ಅದು ಕೊಂಡವನ ಸ್ವತ್ತು, ಹೊರಗಿನ ಅಪೇಕ್ಷಾಬುದ್ಧಿಯಲ್ಲಿದ್ದರೆ ಅದು ಎಷ್ಟು ಬೆಲೆ ಕೊಟ್ಟರೂ ಎರವಲು.

೬. ಆಕ್ಷೇಪ ಮತ್ತು ಸಮಾಧಾನ

ಇಲ್ಲಿ ಒಂದು ಆಕ್ಷೇಪ ಹುಟ್ಟಬಹುದು. ಹೃದಯದ ರೇಖೆಯನ್ನು ಓದಿ ಹೇಳುವ ಅಂಗಿಯೂ ಹೊರಗಿನ ಗಣಕವನ್ನೇ ಅವಲಂಬಿಸಿರುವುದು. ಅದೂ ಎರವಲೆಂದು ತಳ್ಳಿಹಾಕಿದರೆ ರೋಗಿಗಳಿಗೆ ಆಗುವ ಉಪಕಾರವನ್ನೂ ಅಲ್ಲಗಳೆದಂತಾಗದೇ? ಮೇಲಾಗಿ ವೀಣೆಯ ತಂತಿಯೂ ವೈಣಿಕನ ಬೆರಳಿಲ್ಲದೆ ನುಡಿಯದು. ಅಷ್ಟರಿಂದ ನಾದವು ವೀಣೆಯದಲ್ಲವೆಂದು ಯಾರೂ ಹೇಳುವುದಿಲ್ಲ.

ಇದಕ್ಕೆ ಸಮಾಧಾನವಿದೆ. ಹೊರಗಿನ ನಿಮಿತ್ತವನ್ನು ಅಪೇಕ್ಷಿಸುವುದು ದೋಷವಲ್ಲ. ಒಬ್ಬನ ಕೈಯಲ್ಲಿ ಮಾತ್ರ ಇರುವ ನಿಮಿತ್ತವನ್ನು ಅಪೇಕ್ಷಿಸುವುದು ದೋಷ. ವೀಣೆಯನ್ನು ಕಲಿತ ಯಾವ ಬೆರಳಾದರೂ ನುಡಿಸಬಹುದು. ಅಂಗಿಯಿಂದ ಬರುವ ವಿದ್ಯುತ್ತಿನ ಏರಿಳಿತವನ್ನು ಯಾವ ವೈದ್ಯನ ಯಂತ್ರವಾದರೂ ಓದುವಂತೆ ಮಾಡಿದರೆ, ಮಾರಿದವನು ಅಂಗಡಿ ಮುಚ್ಚಿದರೂ ಅಂಗಿ ಮೂಕವಾಗದು. ಬಟ್ಟೆಯ ಗುಣಗಳನ್ನು ಅಳೆಯುವ, ಹೆಸರಿಸುವ, ಹೊಂದಿಸುವ ಸಾಮಾನ್ಯನಿಯಮಗಳು ಬೇಕೆಂಬುದನ್ನು ಅಂತರರಾಷ್ಟ್ರೀಯ ಮಾನಕಸಂಸ್ಥೆಯವರೂ ಕಂಡುಕೊಂಡು, ಈ ಬಟ್ಟೆಗಳ ಲಕ್ಷಣ, ವಿಭಾಗ, ಉಪಯೋಗಗಳನ್ನು ಕುರಿತ ಒಂದು ವರದಿಯನ್ನು ೨೦೨೦ರಲ್ಲಿ ಹೊರಡಿಸಿರುವರು.

ಮತ್ತೊಂದು ವಿಷಯವೂ ವಿಚಾರಾರ್ಹವಾಗ ಬೇಕು. ಮೇಣದ ಕೋಶವುಳ್ಳ ಬಟ್ಟೆ ಮೈಯ ಬಿಸಿಯನ್ನು ತಿಳಿದರೂ ಅದನ್ನು ಯಾರಿಗೂ ಹೇಳದು. ಎಳೆಯಲ್ಲಿಯೇ ಹುಟ್ಟಿದ ಅರಿವು ಎಳೆಯಲ್ಲಿಯೇ ಮುಗಿಯುವುದು. ಆದರೆ ಹೃದಯದ ಬಡಿತವನ್ನೂ ಉಸಿರನ್ನೂ ನಿದ್ರೆಯನ್ನೂ ಎಣಿಸಿ ದೂರಕ್ಕೆ ಕಳುಹಿಸುವ ಬಟ್ಟೆಯು ತೊಟ್ಟವನ ಮೈಯ ಗುಟ್ಟನ್ನು ಹೊರಗೆ ಒಯ್ಯುವುದು. ಬಟ್ಟೆಯ ಮೊದಲ ಧರ್ಮವು ಮುಚ್ಚುವುದು. ಮುಚ್ಚಬೇಕಾದುದೇ ಬಿಚ್ಚುವುದಾದರೆ, ತೊಟ್ಟವನ ಒಪ್ಪಿಗೆ ಅದಕ್ಕೆ ಅವಶ್ಯವೆಂಬುದರಲ್ಲಿ ಸಂದೇಹವಿಲ್ಲ. ವ್ಯಕ್ತಿಗಳ ಅಂಕಿತವಾರ್ತೆಗಳ ರಕ್ಷಣೆಗಾಗಿ ಭಾರತದಲ್ಲಿ ೨೦೨೩ರಲ್ಲಿ ಒಂದು ಕಾಯಿದೆ ಅಂಗೀಕೃತವಾಯಿತು. ನೌಕರರಿಗೆ, ಶಾಲೆಯ ಮಕ್ಕಳಿಗೆ, ರೋಗಿಗಳಿಗೆ ಇಂತಹ ಉಡುಪನ್ನು ತೊಡಿಸಲು ಹೊರಡುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ: ಈ ಬಟ್ಟೆ ತಿಳಿದುದನ್ನು ಯಾರಿಗೆ ಹೇಳುವುದು?

ಬಾಳಿಕೆಯ ವಿಚಾರವನ್ನೂ ಬಿಡುವಂತಿಲ್ಲ. ಒಗೆತದ ಉಜ್ಜಾಟಕ್ಕೂ ಸಾಬೂನಿಗೂ ಬೆವರಿನ ಉಪ್ಪಿಗೂ ಸಿಕ್ಕಿ ಎಳೆಯ ಮೇಲಿನ ಲೋಹದ ಲೇಪವು ಸವೆಯುವುದು; ಸವೆದಷ್ಟೂ ರೋಧ ಹೆಚ್ಚುವುದು. ಇಂತಹ ಬಟ್ಟೆ ಹಳತಾದ ಮೇಲೆ ಅದರಲ್ಲಿ ಬೆರೆತ ನೂಲು, ಲೋಹ, ಪ್ಲಾಸ್ಟಿಕ್ಕುಗಳನ್ನು ಬಿಡಿಸುವುದು ಸುಲಭವಲ್ಲ. ಅಪ್ಪಟ ಜರಿಯ ಸೀರೆಯ ರೀತಿಯೇ ಬೇರೆ. ಉಟ್ಟು ಹರಿದ ಮೇಲೂ ಅದನ್ನು ಕೊಳ್ಳುವವರು ಬೀದಿಗೆ ಬರುವರು. ಸುಟ್ಟು ಕರಗಿಸಿದರೆ ಬೆಳ್ಳಿ ಮರಳಿ ಕೈಗೆ ಬರುವುದು. ಜರಿಯಿಂದ ವಿದ್ಯುತ್ತಿನ ಎಳೆಯನ್ನು ಕಲಿತವರು ಜರಿಯ ಈ ಎರಡನೆಯ ಪಾಠವನ್ನು ಇನ್ನೂ ಪೂರ್ಣವಾಗಿ ಕಲಿತಿಲ್ಲ.

೭. ಹೆಸರಿನ ವಿಚಾರ

ಕಡೆಯದಾಗಿ, ಕನ್ನಡದಲ್ಲಿ ಇವುಗಳನ್ನು ಏನೆಂದು ಕರೆಯಬೇಕೆಂಬುದು ಉಳಿದಿದೆ. ಜಾಣ ಬಟ್ಟೆ, ಬುದ್ಧಿವಂತ ಬಟ್ಟೆ, ಚತುರವಸ್ತ್ರ ಮೊದಲಾದ ಹೆಸರುಗಳು ಮೂಲದ ಇಂಗ್ಲಿಷ್ ಶಬ್ದವನ್ನು ಅನುಸರಿಸಿ ಸುಲಭವಾಗಿ ಹೊಳೆಯುವುವು. ಆದರೆ ಇವು ಇಲ್ಲದ ಧರ್ಮವನ್ನು ಆರೋಪಿಸುವುವು. ಅರಿವು ಮೊದಲು, ಅನಂತರ ಇಚ್ಛೆ, ಅನಂತರ ಪ್ರಯತ್ನ, ಇದು ಚೇತನನ ಕ್ರಮವೆಂದು ನೈಯಾಯಿಕರು ಹೇಳುವರು. ಈ ಬಟ್ಟೆಗಳಲ್ಲಿ ಮೊದಲನೆಯದರ ಹೋಲಿಕೆಯೂ ಕೊನೆಯದರ ಹೋಲಿಕೆಯೂ ಉಂಟು. ನಡುವಿನ ಇಚ್ಛೆ ಮಾತ್ರ ಇಲ್ಲ. ಇಚ್ಛೆಯಿಲ್ಲದ್ದನ್ನು ಬುದ್ಧಿವಂತವೆಂದು ಕರೆದರೆ, ಅದರ ಹಿಂದೆ ನಿಂತು ಇಚ್ಛಿಸುವವನು ಮರೆಯಾಗುವನು. ತಪ್ಪಾದಾಗ ಬಟ್ಟೆಯೇ ತಪ್ಪಿತೆಂದು ಹೇಳಿ ಜಾರಿಕೊಳ್ಳಲು ಅವನಿಗೆ ಎಡೆಯಾಗುವುದು.

ಆದುದರಿಂದ ಸಾಮಾನ್ಯನಾಮವಾಗಿ ಸ್ಪಂದಿವಸ್ತ್ರವೆಂಬುದು ಯುಕ್ತವಾಗಿ ತೋರುವುದು. ಸ್ಪಂದನವೆಂದರೆ ಸೂಕ್ಷ್ಮವಾದ ಚಲನೆ. ಸ್ಪಂದಿಸು ಎಂಬ ಕ್ರಿಯಾಪದವು ಪ್ರತಿಯಾಗಿ ಮಿಡಿ ಎಂಬರ್ಥದಲ್ಲಿ ಕನ್ನಡಕ್ಕೆ ಆಗಲೇ ಒಗ್ಗಿದೆ. ಮೇಣದ ಕೋಶವುಳ್ಳದ್ದು, ಬಣ್ಣ ಬದಲಿಸುವುದು, ಇವು ಬರಿಯ ಸ್ಪಂದಿವಸ್ತ್ರಗಳು. ಗ್ರಹಿಸಿದುದನ್ನು ವಿದ್ಯುತ್ತಿನ ರೂಪದಲ್ಲಿ ಹೊರಗೆ ತಿಳಿಸುವುವನ್ನು ಸಂವೇದಿವಸ್ತ್ರಗಳೆಂದೂ, ಹೊರಗಿನ ಗಣಕದ ಬುದ್ಧಿಯನ್ನು ಆಶ್ರಯಿಸಿಯೇ ಕೆಲಸಮಾಡುವುವನ್ನು ಪರಾಶ್ರಯವಸ್ತ್ರಗಳೆಂದೂ ವಿಂಗಡಿಸಬಹುದು. ಈ ಕೊನೆಯ ಹೆಸರು ಮಾರುವವರಿಗೆ ರುಚಿಸಲಿಕ್ಕಿಲ್ಲ, ಕೊಳ್ಳುವವರಿಗೆ ಉಪಕಾರಿಯಾಗುವುದು.

ಇಷ್ಟರಿಂದ ಸಿದ್ಧವಾದುದೇನೆಂದರೆ, ಹೊಸ ಬಟ್ಟೆಯ ಸಾಮರ್ಥ್ಯವನ್ನು ಪರೀಕ್ಷಿಸಲು ಹೊಸ ಒರೆಗಲ್ಲು ಬೇಕಾಗಿಲ್ಲ. ಎಳೆಯಲ್ಲಿ ಏನಿದೆ, ಎಳೆಗಳ ಸಂಯೋಗದಲ್ಲಿ ಏನಿದೆ, ಹೊರಗೆ ಏನಿದೆ ಎಂದು ಮೂರು ಮಾತು ಕೇಳಿದರೆ ಸಾಕು. ಪಾಠಶಾಲೆಯಲ್ಲಿ ತಂತುಪಟಗಳ ಉದಾಹರಣೆಯನ್ನು ಹೇಳುವ ಅಧ್ಯಾಪಕರು ಒಂದು ಜರಿಯ ಅಂಚನ್ನು ಕೈಯಲ್ಲಿ ಹಿಡಿದು ಆ ಪಾಠವನ್ನು ಹೇಳಿದರೆ, ವಿದ್ಯಾರ್ಥಿಗೆ ಹಳೆಯ ಶಾಸ್ತ್ರವೂ ಹೊಸ ವಸ್ತುವೂ ಒಟ್ಟಿಗೇ ತಿಳಿದಾವು.